ಅರುಂಧತಿಯ ಸೊಂಟದ ಪಿಸ್ತೂಲು

ಅರುಂಧತಿ ನಮ್ಮ ನಾಟಕ ತಂಡದ ಕಾಯಂ ತಾಯಿ. ಸಿಂಗಪುರದಲ್ಲಿ ನಾವೊಂದಿಷ್ಟು ಕನ್ನಡಿಗರು ಸೇರಿಕೊಂಡು ವರ್ಷಕ್ಕೊಂದು ನಾಟಕ ಆಡುತ್ತೇವೆ. ಅದರಲ್ಲಿ ಯಾರಾದರೂ ಮಗನನ್ನು ನೆನೆದು ಅಳಬೇಕಾದರೆ, ಮಗಳನ್ನು ಗಂಡನ ಮನೆಗೆ ಕಳಿಸುತ್ತಾ ಅಳಬೇಕಾದರೆ, ಏನೂ ಇಲ್ಲದಿದ್ದರೂ ಮೂಲೆಯಲ್ಲಿ ನಿಂತು ಸುಮ್ಮನೆ ಅಳಬೇಕಾದರೆ ಅದು ಅವಳ ಪಾಲು. ಸೆರಗಿನ ತುದಿ ಎತ್ತಿ ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು ಒತ್ತಿಕೊಂಡಳೆಂದರೆ ಹಿರಿಯರು ಮೂಗೆಳೆಯುತ್ತಾರೆ, ಮಕ್ಕಳು ಕಿಸಕ್ಕನೆ ನಗುತ್ತಾರೆ. ನಮ್ಮ ಮಕ್ಕಳಿಗೆಲ್ಲ ಅದೊಂದು ಆಟ. "ಅರುಂಧತಿ ಆಂಟಿ ಮಾಡು" ಅಂದರೆ ಸಾಕು, ಕೈಗೆ ಸಿಕ್ಕಿದ ಟವೆಲನ್ನೇ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತವೆ.

ನಾನು ಪ್ರಭಾ. ಹಗಲು ಬ್ಯಾಂಕಿನ ಕೆಲಸ, ನಾಟಕದಲ್ಲಿ ವೇಷಭೂಷಣದ ಹೊಣೆ. ಬಟ್ಟೆ ನೋಡಿ ಮನುಷ್ಯರನ್ನು ಅಳೆಯಬಾರದು ಎನ್ನುತ್ತಾರೆ. ನನಗೆ ಅಳೆಯಲು ಬೇರೆ ದಾರಿಯೇ ಗೊತ್ತಿಲ್ಲ. ಅರುಂಧತಿಯ ಸೀರೆಗಳೆಲ್ಲ ಸಣ್ಣ ಹೂವಿನ ಹತ್ತಿ ಸೀರೆಗಳು, ಕುರ್ತಾಗಳೂ ಅಂಥವೇ. ಗೋಡೆಯ ಪಕ್ಕ ನಿಂತರೆ ಗೋಡೆಯೇ ಎದ್ದು ಕಾಣಬೇಕು, ಅಂಥವು. ಅವಳ ಸ್ವಭಾವವೂ ಹಾಗೇ. ಹುಟ್ಟಿದ್ದು ಮೈಸೂರಿನ ಚಾಮುಂಡಿಪುರಂ, ಈಗಿರುವುದು ಬುಕಿತ್ ಪಂಜಾಂಗ್‌ನ ಫ್ಲ್ಯಾಟ್‌ನಲ್ಲಿ, ಕೆಲಸ ಒಂದು ಹಡಗಿನ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ. ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರ್‌ನ ಕ್ಯೂನಲ್ಲಿ ಯಾರಾದರೂ ಮುಂದೆ ನುಗ್ಗಿದರೆ ಅವರಿಗೆ ಜಾಗ ಸಾಲದೇನೋ ಎಂದು ಇನ್ನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಕೇಳಿದ್ದು ಬಿಟ್ಟು ಬೇರೆಯೇ ಪ್ಲೇಟ್ ಕೊಟ್ಟರೆ ಅದನ್ನೇ ತಿಂದು ಬರುತ್ತಾಳೆ. ಅವಳ ಜೊತೆ ಊಟಕ್ಕೆ ಹೋಗಿ ನಾನು ಎಷ್ಟು ಸಲ ಹಲ್ಲು ಕಡಿದಿದ್ದೇನೋ.

ಅಂಥವಳು ಈ ವರ್ಷ ಬಾಯಿಬಿಟ್ಟು ಒಂದು ಪಾತ್ರ ಕೇಳಿದಳು.

ನಾಟಕ ಬರೆದು ಆಡಿಸುವವರು ದ್ವಾರಕನಾಥ್, ನಿವೃತ್ತ ಪ್ರೊಫೆಸರ್. ಈ ಸಲದ್ದು ಮದುವೆಮನೆಯ ಪತ್ತೇದಾರಿ ಕಥೆ. ಒಡವೆ ಕದಿಯಲು ಕಳ್ಳ ಬರುತ್ತಾನೆಂಬ ಸುಳಿವು ಸಿಕ್ಕಿ ಒಬ್ಬ ಪೊಲೀಸ್ ಅಧಿಕಾರಿಣಿ ಅಡುಗೆಯ ನಂಜಮ್ಮನಾಗಿ ಮನೆ ಸೇರುತ್ತಾಳೆ. ಕೊನೆಗೆ ಸೊಂಟದಿಂದ ಪಿಸ್ತೂಲು ತೆಗೆದು ಕಳ್ಳನನ್ನು ಹಿಡಿಯುತ್ತಾಳೆ. ಓದು ಮುಗಿದಾಗ ಎಲ್ಲರ ಕಣ್ಣು ಅನಘಾಳ ಕಡೆ ಹೋಯಿತು. ಬೆಂಗಳೂರಿನಿಂದ ಹೋದ ವರ್ಷ ಬಂದ ಸಾಫ್ಟ್‌ವೇರ್ ಹುಡುಗಿ, ಚುರುಕು, ಗಟ್ಟಿ ಗಂಟಲು. ಆಗ ಮೂಲೆಯಿಂದ ದನಿ ಬಂತು.

"ಸರ್, ಆ ನಂಜಮ್ಮನ್ನ ನಾನ್ ಮಾಡ್ಲಾ?"

ದ್ವಾರಕನಾಥ್ ಕನ್ನಡಕದ ಮೇಲಿಂದ ನೋಡಿದರು. ಬೇಡ ಎನ್ನಲು ಅವರಿಗೆ ಕಾರಣ ಸಿಗಲಿಲ್ಲ. ಒಂದು ಷರತ್ತು ಮಾತ್ರ ಹಾಕಿದರು.

"ನೋಡಿ ಅರುಂಧತಿ, ನಾನು ಆಡಿಯನ್ಸ್‌ಗೆ ಚೀಟ್ ಮಾಡಲ್ಲ. ಲಾಸ್ಟ್ ಸೀನಲ್ಲಿ ಸೈಡ್ ವಿಂಗಿಂದ ಪಿಸ್ತೂಲು ಕೈಗೆ ಕೊಡೋದೆಲ್ಲ ಇಲ್ಲ. ಫಸ್ಟ್ ಸೀನಿಂದ ನಿಮ್ಮ ಮೈಮೇಲೇ ಇರ್ಬೇಕು. ಯಾರಿಗೂ ಕಾಣ್ಬಾರ್ದು. ತೆಗೆಯೋವಾಗ ಮಾತ್ರ ಲಾಸ್ಟ್ ರೋಗೂ ಕಾಣ್ಬೇಕು. ಅದು ಸರಿ ಬರ್ಲಿಲ್ಲ ಅಂದ್ರೆ ಅನಘಾ ಮಾಡ್ಲಿ."

"ಆಗ್ಲಿ ಸರ್" ಎಂದಳು ಅರುಂಧತಿ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಅಷ್ಟು ಖುಷಿ.

ಪಿಸ್ತೂಲು ಎಲ್ಲಿಂದ ತರುವುದು? ಯಾರೋ ಒಬ್ಬರು ಅಸಲಿಯಂತೆಯೇ ಇರುವ ನಕಲಿಯನ್ನು ಆನ್‌ಲೈನಲ್ಲಿ ತರಿಸೋಣ ಎಂದರು. ನಾನು ಎದ್ದು ನಿಂತು ಕೂಗಾಡಿದೆ. ಪೊಲೀಸರ ಸೊಂಟ ಬಿಟ್ಟರೆ ಬೇರೆಲ್ಲೂ ಪಿಸ್ತೂಲು ಕಾಣಸಿಗದ ಊರು ಇದು, ಇಲ್ಲಿ ಅಂಥ ಪಾರ್ಸಲ್ ತರಿಸಿಕೊಂಡು ನಾಟಕ ಆಡುತ್ತೀರೋ ವಿಚಾರಣೆಗೆ ಹೋಗುತ್ತೀರೋ ಎಂದು ಕೇಳಿದೆ. ಅರುಂಧತಿಯ ಗಂಡ ಪದ್ಮನಾಭ ಕೈ ಎತ್ತಿ, ಮರದಲ್ಲಿ ನಾನೇ ಮಾಡಿಕೊಡುತ್ತೇನೆ ಎಂದರು.

ಪದ್ಮನಾಭ ಇಂಜಿನಿಯರ್. ರೈಸ್ ಕುಕ್ಕರ್ ಕೊಳ್ಳುವ ಮೊದಲು ತಿಂಗಳುಗಟ್ಟಲೆ ವಿಡಿಯೋ ನೋಡಿದ ಮನುಷ್ಯ, ಅಷ್ಟರಲ್ಲಿ ಅರುಂಧತಿ ಪಾತ್ರೆಯಲ್ಲೇ ಅನ್ನ ಮಾಡುವುದನ್ನು ಮತ್ತೆ ಅಭ್ಯಾಸ ಮಾಡಿಕೊಂಡಿದ್ದಳು. ಪಿಸ್ತೂಲೆಂದರೆ ಬಿಡುತ್ತಾರೆಯೇ? ಅಮೆರಿಕದಲ್ಲಿ ಜನ ಬಟ್ಟೆಯೊಳಗೆ ಪಿಸ್ತೂಲು ಸಿಕ್ಕಿಸಿಕೊಂಡೇ ಹಾಲು ತರಲು ಹೋಗುತ್ತಾರೆಂದೂ, ಅದಕ್ಕೆ ಯಾವುದು ಸೂಕ್ತ ಎಂದು ಗಂಟೆಗಟ್ಟಲೆ ಚರ್ಚಿಸುತ್ತಾರೆಂದೂ ಅವರಿಗೆ ಆಗಲೇ ಗೊತ್ತಾಗಿದ್ದು. ಮುಂದಿನ ವಾರ ನಮ್ಮನ್ನು ಕೂರಿಸಿಕೊಂಡು ಪಾಠ ಮಾಡಿದರು.

"ಚಿಕ್ಕದಾದಷ್ಟೂ ಬಚ್ಚಿಡೋದು ಈಸಿ, ಹಿಡಿಯೋದು ಕಷ್ಟ. ದೊಡ್ಡದಾದಷ್ಟೂ ಉಲ್ಟಾ. ಹಿಡಿ ಇದೆಯಲ್ಲ, ಹ್ಯಾಂಡಲ್ಲು, ಬಟ್ಟೆ ಮೇಲೆ ಮೊದಲು ಎದ್ದು ಕಾಣೋದೇ ಅದು. ಆಮೇಲೆ ಬ್ಯಾಗಲ್ಲಿ ಇಡೋ ಹಾಗಿಲ್ಲ, ಮೈಮೇಲೇ ಇರ್ಬೇಕು, ಒಂದೇ ಜಾಗದಲ್ಲಿ. ಕೈ ಹುಡುಕಾಡ್ಬಾರ್ದು."

"ಎಲ್ಲಿ ಸಿಕ್ಕಿಸೋದು?" ಎಂದೆ.

"ಅವರೆಲ್ಲ ಬೆಲ್ಟಿಗೆ ಸಿಕ್ಕಿಸ್ತಾರೆ. ಜೀನ್ಸ್‌ಗೆ ವಿಡಿಯೋ ಇದೆ, ಸೂಟ್‌ಗೆ ಇದೆ, ಜಾಗಿಂಗ್ ಚಡ್ಡಿಗೂ ಇದೆ. ಸೀರೆಗೆ ಒಂದೂ ಇಲ್ಲ."

ಇರುವುದಾದರೂ ಹೇಗೆ? ಸೀರೆಯ ಕೆಳಗೆ ಬೆಲ್ಟು ಎಂದರೆ ಲಂಗದ ಲಾಡಿ ಒಂದೇ. ಅದಕ್ಕೆ ಪಿಸ್ತೂಲಿನ ಭಾರ ಹಾಕಿದರೆ ಕಳ್ಳನ ಬದಲು ನಂಜಮ್ಮನ ಮಾನ ಹೋಗುತ್ತದೆ. ನಮ್ಮಜ್ಜಿ ಎಲೆಅಡಿಕೆಯ ಸಂಚಿಯನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದುದು ನೆನಪಾಯಿತು. ದಪ್ಪ ಖಾದಿಯಲ್ಲಿ ಅಗಲವಾದ ಪಟ್ಟಿ ಹೊಲಿದು, ಬಲಗಡೆಗೆ ಪಿಸ್ತೂಲಿನ ಅಳತೆಯ ಒಂದು ಸಂಚಿ ಕೂಡಿಸಿ, ಹಿಂದೆ ಹುಕ್ಕುಗಳಿಂದ ಬಿಗಿದೆ. ಪದ್ಮನಾಭ ಅದನ್ನು ಎಳೆದೂ ಅಲುಗಿಸಿಯೂ ನೋಡಿ, "ಪ್ರಭಾ, ಇದನ್ನ ಪೇಟೆಂಟ್ ಮಾಡ್ಬಹುದು" ಎಂದರು. ಅವರು ಹೊಗಳಿದ್ದು ನನ್ನ ಆಯುಸ್ಸಿನಲ್ಲಿ ಅದೊಂದೇ ಸಲ.

ಅವರು ಮೊದಲು ಕೆತ್ತಿದ್ದು ಪೂರ್ತಿ ಅಳತೆಯದು. ನಿಂತಾಗ ಸೊಗಸಾಗಿ ಕೂತಿತು. ಆದರೆ ನಂಜಮ್ಮ ಅಡುಗೆಯವಳು, ಈಳಿಗೆಮಣೆಯ ಮೇಲೆ ಕೂತು ಕುಂಬಳಕಾಯಿ ಹೆಚ್ಚಬೇಕು. ಅರುಂಧತಿ ಕುಕ್ಕರಿಸಿದ ತಕ್ಷಣ ನಳಿಕೆ ತೊಡೆಗೆ ಚುಚ್ಚಿ ಅವಳು "ಅಮ್ಮಾ" ಎಂದು ಕಿರುಚಿದಳು. ಎರಡನೆಯದನ್ನು ಅಂಗೈಯಷ್ಟು ಪುಟ್ಟದಾಗಿ ಮಾಡಿದರು. ಅದು ಸೊಂಟದಲ್ಲಿದ್ದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ, ತೆಗೆದು ಗುರಿಯಿಟ್ಟಾಗ ನಮಗೂ ಗೊತ್ತಾಗಲಿಲ್ಲ. ದ್ವಾರಕನಾಥ್ ಕೋಣೆಯ ಆ ಕೊನೆಯಿಂದ ಕೂಗಿ ಕೇಳಿದರು, "ಅರುಂಧತಿ, ಕಳ್ಳನಿಗೆ ಉಗುರು ಕತ್ತರಿಸ್ತೀರಾ?"

ಮೂರನೆಯದು ಇವೆರಡರ ನಡುವಿನದು. ನಳಿಕೆ ಗಿಡ್ಡ, ಹಿಡಿ ಮಾತ್ರ ನಾಲ್ಕು ಬೆರಳು ಕೂರುವಷ್ಟು, ಅಂಚುಗಳೆಲ್ಲ ಉಜ್ಜಿ ಉಜ್ಜಿ ನುಣುಪು ಮಾಡಿದ್ದು. ಅರುಂಧತಿಯ ಕೈಯನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು ಕೆತ್ತಿದ್ದರು. ಹಿಡಿದ ಕೂಡಲೇ ಅವಳ ಮುಖ ಅರಳಿತು. ಬಣ್ಣ ಗಿಳಿಹಸಿರು. ಯಾವ ಮಗು ನೋಡಿದರೂ ಆಟಿಕೆ ಎನ್ನಬೇಕು, ಆದರೆ ಕೊನೆಯ ದೃಶ್ಯದ ಕೆಂಪು ಬೆಳಕಿನಲ್ಲಿ ಹಸಿರು ಕಪ್ಪಾಗಿ ಕಾಣುತ್ತದೆ. ಇಂಜಿನಿಯರ್ ಗಂಡ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತಾನೆ.

ದಿನಾಲೂ ಕಟ್ಟಿಕೊಂಡು ಓಡಾಡಿದರೆ ಮಾತ್ರ ಮೈಗೆ ಒಗ್ಗುತ್ತದೆ ಎಂದು ವಿಡಿಯೋದವರು ಹೇಳಿದ್ದರಂತೆ. ಅರುಂಧತಿ ಆಫೀಸಿನಿಂದ ಬಂದವಳೇ ಹಳೆಯ ಹೂವಿನ ಸೀರೆಯುಟ್ಟು, ಪಟ್ಟಿ ಬಿಗಿದು, ಪಿಸ್ತೂಲು ಸಿಕ್ಕಿಸಿಕೊಂಡು ಮನೆಗೆಲಸ ಮಾಡತೊಡಗಿದಳು. ಹಾಗೇ ಸಾರು ಕುದಿಸಿದಳು, ಬಟ್ಟೆ ಒಣಹಾಕಿದಳು, ದೇವರ ಮುಂದೆ ರಂಗೋಲಿ ಹಾಕಿದಳು. ಮೈಗೆ ಎಷ್ಟು ಒಗ್ಗಿತೆಂದರೆ ಒಂದು ಭಾನುವಾರ ಅದು ಇದೆಯೆಂಬುದನ್ನೇ ಮರೆತು ಬಾಳೆಎಲೆ ತರಲು ಲಿಟಲ್ ಇಂಡಿಯಾಕ್ಕೆ ಹೊರಟುಬಿಟ್ಟಳು.

ನಾನು ಟೈಲರ್ ಅಂಗಡಿಯಲ್ಲಿದ್ದೆ. ಫೋನ್ ಬಂತು.

"ಪ್ರಭಾ, ನಾನ್ ಟ್ರೈನಲ್ಲಿದೀನಿ. ಅದು ಸೊಂಟದಲ್ಲೇ ಇದೆ ಕಣೇ."

"ಯಾವ್ದು?"

"ಅದೇ, ಗ..."

"ಬಾಯ್ಮುಚ್ಚು!" ಎಂದು ಚೀರಿದೆ. ಟೈಲರ್ ಬಾಯಿಂದ ಪಿನ್ನು ಬಿತ್ತು. "ಟ್ರೈನಲ್ಲಿ ಆ ವರ್ಡ್ ಹೇಳ್ಬೇಡ. ಪಿಸ್ತೂಲು ಅಂತಲೂ ಹೇಳ್ಬೇಡ, ಅದೂ ಅರ್ಥ ಆಗುತ್ತೆ ಅವ್ರಿಗೆ. ಬೇರೆ ಏನಾದ್ರೂ ಹೇಳು."

ಆಮೇಲೆ ತಾಯಿಯ ಪಾತ್ರದಲ್ಲಿ ಪಳಗಿದ ಅದೇ ಮೆತ್ತನೆಯ ದನಿ. "ಕೂಸು. ಕೂಸು ಸೊಂಟದ ಮೇಲೇ ಇದೆ ಪ್ರಭಾ. ಮಲಗಿದೆ."

"ಕೂಸನ್ನ ಮುಟ್ಬೇಡ, ಎಬ್ಬಿಸ್ಬೇಡ. ನೆಕ್ಸ್ಟ್ ಸ್ಟೇಷನ್‌ನಲ್ಲಿ ಇಳಿದು ವಾಪಸ್ ಮನೆಗೆ ಹೋಗು."

ಆಗ ಅರುಂಧತಿಯ ಪಕ್ಕದಲ್ಲೇ ಇನ್ನೊಂದು ದನಿ ಕೇಳಿಸಿತು, ಅಚ್ಚ ಬೆಂಗಳೂರು ಕನ್ನಡದಲ್ಲಿ. "ಆಂಟಿ, ನೀವೂ ಕನ್ನಡದವ್ರಾ? ಎಲ್ಲಿ ಆಂಟಿ ಕೂಸು?"

ರಿಷಿಕಾ ಎಂಬ ಹುಡುಗಿ, ಪಕ್ಕದಲ್ಲೇ ಕೂತಿದ್ದಳಂತೆ. ಖಾಲಿ ಸೊಂಟವನ್ನೂ ಬರಿ ಮಡಿಲನ್ನೂ ಗಾಬರಿಯಿಂದ ನೋಡುತ್ತಿದ್ದಳಂತೆ. ಅರುಂಧತಿ ತಡಬಡಾಯಿಸಿ, ನಾಟಕದ ಕೂಸು ಕಣಮ್ಮ, ಬಂದು ನೋಡು ಎಂದು ದಿನಾಂಕ ಹೇಳಿ ಇಳಿದು ಓಡಿದಳು. ಅಂದಿನಿಂದ ಆ ಹಸಿರು ಪಿಸ್ತೂಲಿಗೆ ಕೂಸು ಎಂದೇ ಹೆಸರಾಯಿತು.

ಇಷ್ಟೆಲ್ಲ ಆಗಿ, ಕೈಗೆ ಬಂದದ್ದು ಬಾಯಿಗೆ ಬರದಂತೆ ಮಾಡಿದ್ದು ಪದ್ಮನಾಭರ ಒಂದು ಶಬ್ದ. ರಂಗದ ಸೀರೆ ತರಲು ನಾವಿಬ್ಬರೂ ಸೆರಂಗೂನ್ ರಸ್ತೆಗೆ ಹೊರಟಾಗ ಮೆಸೇಜ್ ಹಾಕಿದರು: "ಸೀರೆ ಆರಿಸುವಾಗ ಹುಷಾರು. ಪ್ರಿಂಟ್ ಇರಬಾರದು. ಒಂದು ಚೂರೂ ಪ್ರಿಂಟ್ ಕಾಣಬಾರದು." ನಮಗೆ ಪ್ರಿಂಟ್ ಎಂದರೆ ಏನು? ಹೂವು, ಬಳ್ಳಿ, ಮಾವಿನಕಾಯಿ. ಅಂಗಡಿಯವನು ತೋರಿಸಿದ ಹೂವಿನ ಸೀರೆಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಒಂದೇ ಒಂದು ಚುಕ್ಕೆಯೂ ಇಲ್ಲದ ಮೆತ್ತನೆಯ ಬೂದು ಸೀರೆ ತಂದೆವು. ನಮ್ಮ ಶಿಸ್ತಿಗೆ ನಾವೇ ಬೆನ್ನು ತಟ್ಟಿಕೊಂಡೆವು.

ದ್ವಾರಕನಾಥ್ ಇರುವ ಬುಕಿತ್ ಬಾಟೋಕ್‌ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಡ್ರೆಸ್ ರಿಹರ್ಸಲ್. ಅರುಂಧತಿ ಒಳಗೆ ಬಂದಳು. ಮೈಗೆ ಅಂಟಿದ ಆ ಬೂದು ಸೀರೆಯ ಮೇಲೆ ಕೂಸಿನ ಮೂಗು, ಬೆನ್ನು, ಹಿಡಿ ಎಲ್ಲವೂ ಸೊಂಟದಲ್ಲಿ ಬದನೆಕಾಯಿ ಸಿಕ್ಕಿಸಿಕೊಂಡ ಹಾಗೆ ಸ್ಪಷ್ಟವಾಗಿ ಕಂಡವು. ಕಳ್ಳನ ಪಾತ್ರದವನು ಮೊದಲ ದೃಶ್ಯದಲ್ಲೇ ಅದನ್ನು ನೋಡಿ ನಕ್ಕುಬಿಟ್ಟ. ಕೊನೆಯ ದೃಶ್ಯ ಇನ್ನೂ ಕೆಟ್ಟದಾಯಿತು. ಅವಳು ಎಳೆದಾಗ ಸೆರಗು ಅಡ್ಡ ಬಂದು ಪಿಸ್ತೂಲಿಗೆ ಸುತ್ತಿಕೊಂಡಿತು. ಗುರಿಯಿಟ್ಟು ನಿಂತವಳ ಕೈಯಲ್ಲಿ ನಿಜಕ್ಕೂ ಬಟ್ಟೆ ಹೊದ್ದ ಕೂಸೇ ಇತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವಳ ಮುಖ ನೋಡಿದ ಮೇಲೆ ನಿಲ್ಲಿಸಿದೆ.

ದ್ವಾರಕನಾಥ್ ಹತ್ತಿರ ಬಂದರು. "ಅರುಂಧತಿ, ಬೇಜಾರ್ ಮಾಡ್ಕೋಬೇಡಿ. ಪಾತ್ರ ಚೇಂಜ್ ಮಾಡೋಣ. ಅನಘಾ ಜಾಕೆಟ್ ಹಾಕ್ಕೊಂಡ್ರೆ ಕೆಲ್ಸ ಈಸಿ. ನೀವು ಮದುಮಗಳ ತಾಯಿ ಮಾಡಿ. ಆ ಅಳೋ ಸೀನು ನೀವು ನಿದ್ದೇಲೂ ಮಾಡ್ತೀರ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಸಿಟ್ಟು ಬಂತು. ಇವಳು ಈಗ "ಆಗ್ಲಿ ಸರ್" ಎನ್ನುತ್ತಾಳೆ, ತಪ್ಪು ಪ್ಲೇಟು ಬಂದಾಗ ತಿಂದ ಹಾಗೆ ಇದನ್ನೂ ತಿನ್ನುತ್ತಾಳೆ ಎಂದುಕೊಂಡೆ.

"ಇಲ್ಲ ಸರ್" ಎಂದಳು ಅರುಂಧತಿ. "ಶುಕ್ರವಾರದ ತನಕ ಟೈಮ್ ಕೊಡಿ. ತಾಯಿ ನಾನು ತುಂಬಾ ಸಲ ಆಗಿದೀನಿ."

ಅನಘಾ ಬ್ಯಾಗ್ ಹೆಗಲಿಗೇರಿಸುತ್ತಾ, "ಸರ್, ನನ್ ಜಾಕೆಟ್ ವಾಷ್‌ಗೆ ಹಾಕಿದೀನಿ, ಫ್ರೈಡೇ ತನಕ ಒಣಗಲ್ಲ" ಎಂದಳು. ಆ ಹುಡುಗಿಯ ಮೇಲೆ ನನಗೆ ಅಂದೇ ಪ್ರೀತಿ ಹುಟ್ಟಿತು.

ಅರುಂಧತಿಯ ಮನೆಗೆ ಬಂದು ಪದ್ಮನಾಭರನ್ನು ತರಾಟೆಗೆ ತೆಗೆದುಕೊಂಡೆ. "ನೀವೇ ಅಲ್ವಾ ಪ್ರಿಂಟ್ ಬೇಡ ಅಂದಿದ್ದು?"

"ಪ್ರಿಂಟ್ ಅಂದ್ರೆ ಹೂವಲ್ಲ ಪ್ರಭಾ! ಒಳಗಿರೋದರ ಆಕಾರ ಬಟ್ಟೆ ಮೇಲೆ ಮೂಡೋದು! ವಿಡಿಯೋದಲ್ಲಿ ಎಲ್ರೂ ಹಾಗೇ ಅಂತಾರೆ."

"ಇಲ್ಲಿ ಯಾರ್ ಹಾಗಂತಾರೆ? ಅರ್ಥ ಆಗೋ ಹಾಗೆ ಕನ್ನಡದಲ್ಲಿ ಹೇಳೋಕೆ ಏನಾಗಿತ್ತು?" ತಪ್ಪು ಅವರದೇ, ಈಗಲೂ ಹೇಳುತ್ತೇನೆ.

ನಮ್ಮ ಜಗಳದ ಮಧ್ಯೆ ಅರುಂಧತಿ ತನ್ನ ಹಳೆಯ ಸೀರೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಟ್ರೈನಲ್ಲಿ ಆ ಹುಡುಗಿ ನನ್ನ ಸೊಂಟಾನೇ ನೋಡ್ತಿದ್ಲು" ಎಂದಳು ನಿಧಾನವಾಗಿ. "ಕೂಸು ಅಲ್ಲೇ ಇತ್ತು. ಅವಳಿಗೆ ಕಾಣಲೇ ಇಲ್ಲ. ಹೂವಿನ ಪ್ರಿಂಟ್ ಇದ್ರೆ ನಿಮ್ಮ ಪ್ರಿಂಟ್ ಕಾಣಲ್ಲ ರೀ."

ಗಂಜಿ ಹಾಕಿ ಗರಿಗರಿ ಮಾಡಿದ ಆ ಹಳೆ ಹತ್ತಿ ಸೀರೆ ಉಡಿಸಿ ನೋಡಿದೆವು. ಸಣ್ಣ ಹೂಗಳ ನಡುವೆ ಕೂಸು ಮಾಯ.

ಉಳಿದದ್ದು ಸೆರಗಿನ ತೊಡಕು. ಮೇಲಿಂದ ಕೈ ಹಾಕಿದಳು, ಕೆಳಗಿಂದ ಹಾಕಿದಳು, ಪ್ರತಿ ಸಲವೂ ಸುತ್ತಿಕೊಂಡಿತು. ಪಾಲಿಟೆಕ್ನಿಕ್‌ನಲ್ಲಿ ಓದುವ ಅವರ ಮಗಳು ತನ್ಮಯಿ ಸೋಫಾದಿಂದ ಇದನ್ನೆಲ್ಲ ನೋಡುತ್ತಿದ್ದವಳು ತಮಾಷೆಗೆಂದು ದುಪಟ್ಟಾ ಎತ್ತಿ ಕಣ್ಣಿಗೆ ಒತ್ತಿಕೊಂಡಳು. "ಅಮ್ಮಾ, ಸುಮ್ನೆ ಅತ್ತುಬಿಡು ಲಾ. ಕಳ್ಳ ಸರೆಂಡರ್ ಆಗ್ತಾನೆ" ಎಂದಳು, ಇಲ್ಲಿಯವರ ಬಾಯಲ್ಲಿ ಸದಾ ಇರುವ 'ಲಾ' ಸೇರಿಸಿ.

ಅರುಂಧತಿ ಮಗಳನ್ನೇ ದಿಟ್ಟಿಸಿದಳು. "ಇನ್ನೊಂದ್ಸಲ ಮಾಡು" ಎಂದಳು. ನಾನು ಹೊರಡುವ ಹೊತ್ತಾಗಿತ್ತು, ಹೊರಟೆ.

ಶುಕ್ರವಾರ ಬ್ಯಾಂಕಿನಲ್ಲಿ ಮೀಟಿಂಗ್ ಎಳೆದು ತಡವಾಗಿ ತಲುಪಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ದ್ವಾರಕನಾಥ್ ಕನ್ನಡಕ ಒರೆಸಿಕೊಳ್ಳುತ್ತಾ, "ಅರುಂಧತಿನೇ ಮಾಡ್ತಾರೆ" ಎಂದರು. ಹೇಗೆ ತೆಗೆದಳೆಂದು ಕೇಳಿದರೆ ಅನಘಾ, "ಆಂಟಿ, ಶೋ ದಿನಾನೇ ನೋಡಿ" ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಸಂಚಿ ಹೊಲಿದವಳಿಗೇ ಗುಟ್ಟು! ಪ್ರದರ್ಶನದ ತನಕ ನಾನು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ.

ಸಭಾಂಗಣ ತುಂಬಿತ್ತು. ನಾನು ಎರಡನೆಯ ಸಾಲಿನಲ್ಲಿ ಕೂತೆ. ನಂಜಮ್ಮ ಕುಂಬಳಕಾಯಿ ಹೆಚ್ಚಿದಳು, ಬಗ್ಗಿ ಬಡಿಸಿದಳು, ರಂಗೋಲಿ ಹಾಕಿದಳು. ಗೊತ್ತಿದ್ದ ನನ್ನ ಕಣ್ಣಿಗೂ ಕೂಸು ಬೀಳಲಿಲ್ಲ. ಕೊನೆಯ ದೃಶ್ಯ ಬಂತು. ವೇದಿಕೆ ಕೆಂಪಾಯಿತು. ಕಳ್ಳ ಒಡವೆಯ ಪೆಟ್ಟಿಗೆ ಹಿಡಿದು ಬಾಗಿಲ ಕಡೆ ಸರಿಯುತ್ತಿದ್ದಾನೆ, ಮದುವೆಮನೆಯವರೆಲ್ಲ ಗೋಳಾಡುತ್ತಿದ್ದಾರೆ. ನಂಜಮ್ಮ ನಡುವೆ ಬಂದು ನಿಂತು, ಎಡಗೈಯಲ್ಲಿ ಸೆರಗಿನ ತುದಿ ಹಿಡಿದು, ಮೆಲ್ಲಗೆ ಕಣ್ಣಿನ ಕಡೆ ಎತ್ತಿದಳು.

ಸಭೆಯಲ್ಲಿ ನಗು ಹರಿಯಿತು. ನನ್ನ ಹಿಂದಿನ ಮಗು, "ಅಮ್ಮ ನೋಡು, ಆಂಟಿ ಅಳ್ತಾಳೆ" ಎಂದಿತು. ಹೆದರಿಕೆಯಲ್ಲಿ ಅವಳಿಗೆ ಹಳೆಯ ಅಭ್ಯಾಸ ಬಂದುಬಿಟ್ಟಿತಲ್ಲ ಎಂದು ನನಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು. ಎಡಗಣ್ಣು ಒತ್ತಿಕೊಂಡಳು. ಬಲಗಣ್ಣಿಗೆ ಸೆರಗು ಹೋಗಲಿಲ್ಲ. ಸೆರಗು ಮೇಲೆದ್ದು ಸೊಂಟ ಬರಿದಾಗಿತ್ತು, ಬಲಗೈ ಆಗಲೇ ಅಲ್ಲಿತ್ತು. ಎಲ್ಲೂ ತೊಡರದೆ, ತಡವರಿಸದೆ ಪಿಸ್ತೂಲು ಹೊರಗೆ ಬಂದು ಕಳ್ಳನ ಎದೆಗೆ ನೆಟ್ಟಗೆ ನಿಂತಿತು.

ನಗು ಅರ್ಧಕ್ಕೇ ನಿಂತಿತು. ಇಷ್ಟು ವರ್ಷ ನಾವೆಲ್ಲ ಅಣಕಿಸಿದ ಆ ಸೆರಗಿನ ಹಿಂದೆ ಅವಳ ಇನ್ನೊಂದು ಕೈ ಏನು ಮಾಡುತ್ತಿದೆ ಎಂದು ಒಬ್ಬರೂ ನೋಡಿರಲಿಲ್ಲ.

ಆಗ ಕಟ್ಟಕಡೆಯ ಸಾಲಿನಿಂದ ಒಂದು ಹೆಣ್ಣುದನಿ ಗಟ್ಟಿಯಾಗಿ ಕೂಗಿತು. "ಅಯ್ಯೋ! ಆಂಟಿ ಕೂಸು!"

ರಿಷಿಕಾ. ಸಭಾಂಗಣ ನಗುವಿನಲ್ಲಿ ಸಿಡಿಯಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಲಾಸ್ಟ್ ರೋಗೂ ಕಂಡಿತೆಂಬುದಕ್ಕೆ ದ್ವಾರಕನಾಥ್‌ಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅರುಂಧತಿಯ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಚಪ್ಪಾಳೆ ಇಳಿಯುವ ತನಕ ಕಾದು, ತನ್ನ ಮಾತನ್ನು ಹೇಳಿದಳು. "ಪೆಟ್ಟಿಗೆ ಕೆಳಗಿಡಪ್ಪ." ನಾನು ಅತ್ತೆ. ಒರೆಸಿಕೊಳ್ಳಲು ನನ್ನ ಹತ್ತಿರ ಸೆರಗೂ ಇರಲಿಲ್ಲ, ಪ್ಯಾಂಟು ಹಾಕಿದ್ದೆ.

ಮಾರನೆಯ ದಿನ ನಾವಿಬ್ಬರೂ ಅವಳ ಮನೆ ಹತ್ತಿರದ ಹಾಕರ್ ಸೆಂಟರ್‌ಗೆ ಊಟಕ್ಕೆ ಹೋದೆವು. ಕೂಸು ನನ್ನ ಮನೆಯ ಟ್ರಂಕಿನಲ್ಲಿತ್ತು. ಕ್ಯೂನಲ್ಲಿ ನಿಂತಿದ್ದಾಗ ಧಡೂತಿ ಮನುಷ್ಯನೊಬ್ಬ ಫೋನ್ ನೋಡುತ್ತಾ ಅರುಂಧತಿಯ ಮುಂದೆ ಬಂದು ಸೇರಿಕೊಂಡ. ಅವಳು ಹಿಂದೆ ಸರಿಯುತ್ತಾಳೆಂದು ನಾನೂ ಒಂದು ಹೆಜ್ಜೆ ಹಿಂದಿಟ್ಟೆ.

ಅವಳು ಸರಿಯಲಿಲ್ಲ. "ಅಂಕಲ್, ಕ್ಯೂ ಬಿಹೈಂಡ್" ಎಂದಳು.

ಅವನು ತಿರುಗಿ ನೋಡಿ, ಸಾರಿ ಎಂದು ಹಿಂದಕ್ಕೆ ಹೋದ. ಅರುಂಧತಿ ಏನೂ ಆಗದವಳಂತೆ ಮೆನು ಓದುತ್ತಿದ್ದಳು. ಅವಳ ಎಡಗೈ ಮಾತ್ರ ದುಪಟ್ಟಾದ ತುದಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು.